ಮೈಸೂರು ಹೆಸರಿನ ಸ್ಪಿಟ್‌ಫೈರ್‌ಗೆ ಯಾವ ಬಣ್ಣ?

  

ವಿಷಯ ಹೇಳಿದಾಗ ಆಯೋಜಕರು "ಆಟದ ವಿಮಾನಾನಾ?" ಅಂದ್ರು. (ನಗು) ಆಟದ್ದಲ್ಲ, ಸ್ಕೇಲ್ ಮಾಡೆಲ್. ಪ್ಲಾಸ್ಟಿಕ್ ಭಾಗಗಳನ್ನ ಚೌಕಟ್ಟಿನಿಂದ ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆದು, ಅಕ್ಷರಗಳ ಡೆಕಾಲ್ ನೀರಲ್ಲಿ ನೆನೆಸಿ ಕೂರಿಸೋದು. ಅಂಟಿಸೋದೆಲ್ಲ ಎರಡು ವಾರಾಂತ್ಯದ ಕೆಲಸ. ಆದ್ರೆ ಯಾವ ಬಣ್ಣ, ಯಾವ ಅಕ್ಷರ, ಯಾವ ಪ್ರೊಪೆಲ್ಲರ್ ಅಂತ ತಿಳ್ಕೊಳ್ಳೋದಿದೆಯಲ್ಲ, ಅದಕ್ಕೆ ತಿಂಗಳುಗಟ್ಟಲೆ ಹೋಗುತ್ತೆ. ನಾನು ಮಾತಾಡೋಕೆ ಬಂದಿರೋದು ಆ ತಿಂಗಳುಗಳ ಬಗ್ಗೆ.

ಮೊದಲು ಅಳತೆ ಹೇಳಿಬಿಡ್ತೀನಿ. ಬ್ರಿಟಿಷ್ ವಿಮಾನಗಳ ಮಾದರಿಗೆ ಹಳೇ ಕಾಲದಿಂದ ಬಂದಿರೋ ಪ್ರಮಾಣ 1/72. ಅಂದ್ರೆ ನಿಜವಾದ ವಿಮಾನದ 6 ಅಡಿ ಇಲ್ಲಿ 1 ಇಂಚು. ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ 36 ಅಡಿ 10 ಇಂಚು, ನಮ್ಮ ಲೆಕ್ಕದಲ್ಲಿ 11.23 ಮೀಟರ್. ಮಾದರಿಯಲ್ಲಿ ಅದು 156 ಮಿಲಿಮೀಟರ್, ಅಂಗೈಯಲ್ಲಿ ಕೂರುತ್ತೆ. ಬಾಲದ ಹತ್ತಿರ ಬರೆಯೋ ಸೀರಿಯಲ್ ನಂಬರು ನಿಜದಲ್ಲಿ 8 ಇಂಚು ಎತ್ತರ, ಇಲ್ಲಿ 3 ಮಿಲಿಮೀಟರೂ ಇಲ್ಲ. ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ತಲೆ ಕೆಡಿಸ್ಕೋಬೇಕಾ ಅಂತ ನನ್ನ ಹೆಂಡತಿ ಕೇಳ್ತಾಳೆ. ನ್ಯಾಯವಾದ ಪ್ರಶ್ನೆ.

ಯಾವ ವಿಮಾನ ಅಂತ ಆರಿಸ್ಕೊಳ್ಳೋದ್ರಿಂದಲೇ ಕಥೆ ಶುರು. ರಾಯಲ್ ಏರ್ ಫೋರ್ಸ್‌ನ 129ನೇ ಸ್ಕ್ವಾಡ್ರನ್ ಅಂತ ಒಂದಿತ್ತು. ಅದರ ಪೂರ್ತಿ ಹೆಸರು '129 (ಮೈಸೂರು) ಸ್ಕ್ವಾಡ್ರನ್'. ಹೌದು, ನಮ್ಮ ಮೈಸೂರೇ. 1941ರ ಜೂನ್ 16ರಂದು ಯಾರ್ಕ್‌ಷೈರ್‌ನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳ ಜೊತೆ ಇದನ್ನ ಕಟ್ಟಿದ್ರು. ಮೈಸೂರು ಸಂಸ್ಥಾನದಿಂದ ಹೋದ ದೇಣಿಗೆಯನ್ನ ಗುರುತಿಸಿ ಆ ಹೆಸರು ಕೊಟ್ಟರು. ಆಗ ಇಲ್ಲಿ ಜಯಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಸ್ಕ್ವಾಡ್ರನ್ನಿನ ಲಾಂಛನ ಯಾವುದು ಗೊತ್ತಾ? ಗಂಡಭೇರುಂಡ. ಊರಿಗೆ ಹೋಗೋವಾಗ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡ್ತೀವಲ್ಲ, ಅದೇ ಎರಡು ತಲೆಯ ಹಕ್ಕಿ, ಬ್ರಿಟಿಷ್ ವಾಯುಪಡೆಯ ಲಾಂಛನದ ವೃತ್ತದೊಳಗೆ ಕೂತಿದೆ.

ಬರೀ ಮೈಸೂರು ಅಲ್ಲ. ಹೈದರಾಬಾದ್‌ನಲ್ಲಿ ಕೂತು ಕೇಳ್ತಿರೋರಿಗೆ: 110, 152, 253, ಮೂರೂ ನಿಮ್ಮ ಊರಿನ ಹೆಸರಿನ ಸ್ಕ್ವಾಡ್ರನ್‌ಗಳು. 110ರದ್ದು ಮೊದಲನೇ ಮಹಾಯುದ್ಧದ ಕಾಲದ್ದು, ನಿಜಾಮರು ಕೊಟ್ಟ ಡಿಎಚ್ 9ಎ ವಿಮಾನಗಳಿಂದ ಬಂದ ಹೆಸರು. ಚೆನ್ನೈನವರಿಗೆ 79, 234 ಮತ್ತು 264, 'ಮದ್ರಾಸ್ ಪ್ರೆಸಿಡೆನ್ಸಿ'. ಮುಂಬೈನವರಿಗೆ 122 'ಬಾಂಬೆ', 132 'ಸಿಟಿ ಆಫ್ ಬಾಂಬೆ'. ದೆಹಲಿಯವರು ಬೇಜಾರು ಮಾಡ್ಕೋಬೇಡಿ, ನಿಮಗೆ ಆಮೇಲೆ ಬೇರೆ ಒಂದಿದೆ. (ನಗು)

ಸರಿ, ಮೈಸೂರು ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್ ಮಾಡೋಣ ಅಂತ ಆಯ್ತು. ಇಲ್ಲಿ ಈ ಹವ್ಯಾಸದ ಮೊದಲನೇ ನಿಯಮ ಬರುತ್ತೆ: 'ಒಂದು ಸ್ಪಿಟ್‌ಫೈರ್' ಅಂತ ಯಾವುದೂ ಇಲ್ಲ. ಒಂದು ವಿಮಾನ, ಒಂದು ದಿನ. ಅದನ್ನ ಮಾತ್ರ ಮಾಡೋಕೆ ಸಾಧ್ಯ. ಯಾಕಂದ್ರೆ ಆ ಸ್ಕ್ವಾಡ್ರನ್ ಐದು ವರ್ಷದಲ್ಲಿ ಹಲವು ನಮೂನೆ ವಿಮಾನ ಹಾರಿಸಿತು. 1941ರಲ್ಲೇ ಹಳೇ ಮಾರ್ಕ್‌ಗಳಿಂದ ಮಾರ್ಕ್ 5ಬಿಗೆ ಹೋಯ್ತು, 1943ರಲ್ಲಿ ಮಾರ್ಕ್ 9 ಬಂತು, 1944ರ ಏಪ್ರಿಲ್‌ನಲ್ಲಿ ಸ್ಪಿಟ್‌ಫೈರನ್ನೇ ಬಿಟ್ಟು ಮಸ್ಟಾಂಗ್ 3 ತಗೊಂಡ್ರು, ಅದರಲ್ಲಿ ಜರ್ಮನ್ನರ ವಿ-1 ಹಾರುಬಾಂಬ್‌ಗಳನ್ನ ಬೆನ್ನಟ್ಟಿದ್ರು. 1946ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ 257 ಅಂತ ಹೊಸ ನಂಬರು ಕೊಟ್ಟಿದ್ದರಿಂದ ಮೈಸೂರು ಹೆಸರು ಅಲ್ಲಿಗೆ ಮುಗೀತು. ಇಷ್ಟರಲ್ಲಿ ಬಣ್ಣ ಬದಲಾಯ್ತು, ಗುರುತಿನ ಚಕ್ರ ಬದಲಾಯ್ತು, ಅಕ್ಷರದ ಬಣ್ಣ ಬದಲಾಯ್ತು.

ನಾನು ಆರಿಸ್ಕೊಂಡಿದ್ದು 1941ರ ಶರತ್ಕಾಲ. ಜಾಗ ದಕ್ಷಿಣ ಇಂಗ್ಲೆಂಡಿನ ವೆಸ್ಟ್‌ಹ್ಯಾಂಪ್‌ನೆಟ್. ಇವತ್ತು ಅಲ್ಲಿ ಗುಡ್‌ವುಡ್ ಕಾರ್ ರೇಸ್ ಟ್ರ್ಯಾಕ್ ಇದೆ. ಆ ಟ್ರ್ಯಾಕ್ ಅಂದ್ರೆ ಹಳೇ ವಿಮಾನ ನಿಲ್ದಾಣದ ಸುತ್ತಿನ ರಸ್ತೆಯೇ. ಕಾಲ ಆರಿಸ್ಕೊಂಡಿದ್ದಕ್ಕೆ ಕಾರಣ ಇದೆ. ಅದೇ ಸಮಯದಲ್ಲಿ ಬ್ರಿಟಿಷ್ ಫೈಟರ್‌ಗಳ ಬಣ್ಣ ಪೂರ್ತಿ ಬದಲಾಗ್ತಾ ಇತ್ತು. ಸುಲಭದ ಕಾಲ ಬೇಕಂದ್ರೆ ಬೇರೆ ಆರಿಸ್ಕೋಬಹುದಿತ್ತು, ಆದ್ರೆ ಮಜಾ ಇರೋದು ಇಲ್ಲೇ.

ಹಿನ್ನೆಲೆ ಹೇಳ್ತೀನಿ. ಯುದ್ಧ ಶುರುವಾದಾಗ ಫೈಟರ್‌ಗಳ ಮೇಲ್ಭಾಗ ಎರಡು ಬಣ್ಣ: 'ಡಾರ್ಕ್ ಗ್ರೀನ್' ಅನ್ನೋ ಕಡುಹಸಿರು, 'ಡಾರ್ಕ್ ಅರ್ಥ್' ಅನ್ನೋ ಮಣ್ಣುಕಂದು. ನೆಲದ ಮೇಲೆ ನಿಂತಾಗ ಮೇಲಿಂದ ನೋಡೋರಿಗೆ ಹೊಲ-ಪೊದೆ ತರ ಕಾಣಲಿ ಅಂತ. ಬ್ರಿಟನ್ ಕದನ ನಡೆದಿದ್ದು ಆ ಬಣ್ಣದಲ್ಲೇ. 1941ಕ್ಕೆ ಬಂದಾಗ ಕೆಲಸ ಬದಲಾಯ್ತು. ಈಗ ಇವರೇ ಕಾಲುವೆ ದಾಟಿ ಫ್ರಾನ್ಸ್ ಮೇಲೆ ಹೋಗಬೇಕು, ಎತ್ತರದಲ್ಲಿ, ಸಮುದ್ರದ ಮೇಲೆ ಹಾರಬೇಕು. ಅಲ್ಲಿ ಮಣ್ಣುಕಂದು ಯಾರಿಗೆ ಬೇಕು? ಹಾಗಾಗಿ ಆಗಸ್ಟ್ 1941ರಲ್ಲಿ ಹೊಸ ಆದೇಶ: ಕಂದು ತೆಗೆದು 'ಓಷನ್ ಗ್ರೇ' ಹಾಕಿ, ಹೊಟ್ಟೆ ಕಡೆಗೆ 'ಮೀಡಿಯಂ ಸೀ ಗ್ರೇ', ರೆಕ್ಕೆಯ ಮುಂಚೂಣಿಯಲ್ಲಿ ಹೊರಗಿನ ಅರ್ಧಕ್ಕೆ ಹಳದಿ ಪಟ್ಟಿ.

ಆದೇಶ ಬಂತು. ಬಣ್ಣ ಬರಲಿಲ್ಲ.

ನಮ್ಮಲ್ಲಿ ಎಲ್ಲರಿಗೂ ಇದು ಗೊತ್ತಿರೋ ಕಥೆ. ಸ್ಪೆಕ್ ಡಾಕ್ಯುಮೆಂಟ್ ಸೈನ್ ಆಗಿದೆ, ರಿಲೀಸ್ ತಾರೀಖು ಘೋಷಣೆಯಾಗಿದೆ, ಆದ್ರೆ ಬೇಕಾದ ಲೈಬ್ರರಿಯೇ ಇನ್ನೂ ಬಂದಿಲ್ಲ. ಆಗ ಏನ್ಮಾಡ್ತೀವಿ? ವರ್ಕ್‌ಅರೌಂಡ್. ಅವರೂ ಅದನ್ನೇ ಮಾಡಿದ್ರು. ಓಷನ್ ಗ್ರೇ ಸಾಕಷ್ಟು ಇಲ್ಲದ ಕಡೆ, ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು 'ನೈಟ್', ಅಂದ್ರೆ ಕಪ್ಪು ಬೆರೆಸಿ ಬಳೀರಿ ಅಂದ್ರು. ಇದನ್ನೇ ಮಾದರಿ ಮಾಡೋರು 'ಮಿಕ್ಸ್ಡ್ ಗ್ರೇ' ಅಂತಾರೆ. ಹ್ಯಾಂಗರ್‌ನಲ್ಲಿ ಬಕೆಟ್ ಮುಂದೆ ನಿಂತ ಹುಡುಗ ಏಳಕ್ಕೆ ಒಂದು ಅಂತ ಅಳೆದನೋ, ಕಣ್ಣಂದಾಜಿಗೆ ಸುರಿದನೋ? ಓಷನ್ ಗ್ರೇಯಲ್ಲಿ ಸ್ವಲ್ಪ ನೀಲಿ-ಹಸಿರು ಛಾಯೆ ಇರುತ್ತೆ, ಬರೀ ಕಪ್ಪು ಬೆರೆಸಿದ ಬೂದಿಯಲ್ಲಿ ಅದು ಇರಲ್ಲ. ಹಾಗಾಗಿ 1941ರ ಶರತ್ಕಾಲದ ಸ್ಪಿಟ್‌ಫೈರ್‌ಗೆ ಡಬ್ಬಿ ತೆರೆದು 'ಓಷನ್ ಗ್ರೇ' ಹೊಡೆದ್ರೆ ಆದೇಶದ ಪ್ರಕಾರ ಸರಿ, ವಿಮಾನದ ಪ್ರಕಾರ ಸರಿಯಿಲ್ಲದೆ ಇರಬಹುದು.

ಇಂಥದ್ದು ಇದೊಂದೇ ಸಲ ಆಗಿದ್ದಲ್ಲ. 1940ರ ಜೂನ್‌ನಲ್ಲಿ ಹೊಟ್ಟೆ ಭಾಗಕ್ಕೆ 'ಸ್ಕೈ' ಬಣ್ಣ ಹಾಕಿ ಅಂದಾಗಲೂ ಹೀಗೇ. ಸ್ಕೈ ಅಂದ್ರೆ ಆಕಾಶನೀಲಿ ಅಲ್ಲ, ಬಾತುಕೋಳಿ ಮೊಟ್ಟೆಯ ತರ ತಿಳಿಹಸಿರು. ಸಿಡ್ನಿ ಕಾಟನ್ ಅಂತ ಒಬ್ಬ, ವೇಷ ಮರೆಸಿದ ವಿಮಾನಗಳಲ್ಲಿ ಜರ್ಮನಿಯ ಫೋಟೋ ತೆಗೀತಿದ್ದವನು, ತನ್ನ ವಿಮಾನಗಳಿಗೆ ಬಳಸಿದ 'ಕ್ಯಾಮೊಟಿಂಟ್' ಅನ್ನೋ ಬಣ್ಣದಿಂದ ಹುಟ್ಟಿದ್ದು. ಆ ಬಣ್ಣವೂ ಎಲ್ಲ ಕಡೆ ಸಿಗದೆ ಒಬ್ಬೊಬ್ಬರು ಒಂದೊಂದು ನೀಲಿ, ಒಂದೊಂದು ಹಸಿರು ಬಳಿದ್ರು. ಇನ್ನೊಂದು ಮಜಾ: ಕಾಗದಪತ್ರಗಳಲ್ಲಿ 'ಸ್ಕೈ ಟೈಪ್ ಎಸ್' ಅಂತ ಬರುತ್ತೆ. ಎಷ್ಟೋ ವರ್ಷ ಮಾದರಿ ಮಾಡೋರು ಅದೊಂದು ಬೇರೆಯೇ ಛಾಯೆ ಅಂತ ಹುಡುಕ್ತಿದ್ರು. ಎಸ್ ಅಂದ್ರೆ ಸ್ಮೂತ್, ನುಣುಪು ಲೇಪ ಅಂತ ಅಷ್ಟೇ. ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ!

ಹಾಗಾದ್ರೆ ಆದೇಶ ನಂಬೋ ಹಾಗಿಲ್ಲ, ಫೋಟೋ ನೋಡೋಣ. ಫೋಟೋ ಕಪ್ಪು-ಬಿಳುಪು. ಯುದ್ಧಕಾಲದ ಬಣ್ಣದ ಫಿಲ್ಮು ದುಬಾರಿ, ಅಪರೂಪ. ಚಾರ್ಲ್ಸ್ ಇ. ಬ್ರೌನ್ ತರದ ಕೆಲವೇ ಛಾಯಾಗ್ರಾಹಕರ ಬಣ್ಣದ ಚಿತ್ರಗಳು ಉಳಿದಿವೆ. ಉಳಿದಿದ್ದೆಲ್ಲ ಬೂದಿ ಬಣ್ಣದ ಬೇರೆ ಬೇರೆ ಮಟ್ಟ. ಕಂದು, ಕಡುಹಸಿರು, ಓಷನ್ ಗ್ರೇ, ಮೂರೂ ಪ್ರಿಂಟಿನಲ್ಲಿ ಹೆಚ್ಚುಕಡಿಮೆ ಅಕ್ಕಪಕ್ಕ ಕೂತುಬಿಡುತ್ತವೆ.

ಅದಕ್ಕಿಂತ ಕೆಟ್ಟದ್ದು ಫಿಲ್ಮಿನ ಜಾತಿ. ಆಗ ಎರಡು ತರ ಚಾಲ್ತಿಯಲ್ಲಿತ್ತು. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಎಲ್ಲ ಬಣ್ಣವನ್ನೂ ಕಾಣುತ್ತೆ, ಹಳದಿ ಅದರಲ್ಲಿ ತಿಳಿಯಾಗಿ ಬರುತ್ತೆ. ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣಲ್ಲ, ಹಳದಿಯೂ ಕಪ್ಪಾಗುತ್ತೆ, ನೀಲಿ ಮಾತ್ರ ಬೆಳ್ಳಗಾಗುತ್ತೆ. ಬ್ರಿಟಿಷ್ ವಿಮಾನದ ಪಕ್ಕದಲ್ಲಿರೋ ಚಕ್ರ ನೆನಪಿಸ್ಕೊಳ್ಳಿ: ಒಳಗೆ ಕೆಂಪು, ಆಮೇಲೆ ಬಿಳಿ, ನೀಲಿ, ಹೊರಗೆ ಹಳದಿ. ಆರ್ಥೋ ಫಿಲ್ಮಿನಲ್ಲಿ ಹೊರಗಿನ ಹಳದಿ ಉಂಗುರ ಕಪ್ಪಾಗಿ ಹಸಿರು ಬಣ್ಣದ ಜೊತೆ ಕರಗಿ ಹೋಗುತ್ತೆ. ಇದು ಗೊತ್ತಿಲ್ಲದೋರು 'ಈ ವಿಮಾನಕ್ಕೆ ಹಳದಿ ಉಂಗುರವೇ ಇರಲಿಲ್ಲ' ಅಂತ ಬರೆದುಬಿಡ್ತಾರೆ. ಹಾಗಾಗಿ ಯಾವ ಫೋಟೋ ತೆಗೆದುಕೊಂಡ್ರೂ ಮೊದಲು ನೋಡಬೇಕಾದ್ದು ನಮಗೆ ಬೇಕಾದ ಭಾಗ ಅಲ್ಲ. ನಮಗೆ ಈಗಾಗಲೇ ಗೊತ್ತಿರೋ ಬಣ್ಣ ಅದರಲ್ಲಿ ಹೇಗೆ ಬಂದಿದೆ ಅಂತ ನೋಡಬೇಕು. ಚಕ್ರದ ಕೆಂಪು ಮತ್ತು ನೀಲಿಯಲ್ಲಿ ಯಾವುದು ಕಪ್ಪಗಿದೆ? ಕೆಂಪು ತೀರಾ ಕಪ್ಪು, ನೀಲಿ ತೀರಾ ತಿಳಿ ಅಂದ್ರೆ ಆರ್ಥೋ. ಆಮೇಲೆ ಉಳಿದದ್ದು.

ಈಗ ನಮ್ಮ ಪ್ರಶ್ನೆ: ಕಂದೋ, ಬೂದಿಯೋ? ಮೇಲ್ಭಾಗ ನೋಡಿ ಹೇಳೋಕೆ ಹೋದ್ರೆ ಕಣ್ಣು ಮೋಸ ಮಾಡುತ್ತೆ. ಉತ್ತರ ಇರೋದು ಬೇರೆ ಕಡೆ. 1940ರ ನವೆಂಬರ್‌ನಿಂದ ಫೈಟರ್‌ಗಳ ಬಾಲದ ಮುಂದೆ ಒಂದು ಪಟ್ಟಿ ಇರುತ್ತೆ, 18 ಇಂಚು ಅಗಲ, ಸ್ಕೈ ಬಣ್ಣ. ಮಾದರಿಯಲ್ಲಿ 6 ಮಿಲಿಮೀಟರ್ ಚಿಲ್ಲರೆ. ಅದರ ಮುಂದೆ ಚಕ್ರದ ಆಚೆ ಈಚೆ ದೊಡ್ಡ ಅಕ್ಷರಗಳು. ಮೈಸೂರು ಸ್ಕ್ವಾಡ್ರನ್ನಿನದು 'ಡಿವಿ', ಜೊತೆಗೆ ಆ ಒಂದು ವಿಮಾನಕ್ಕೆ ಸೇರಿದ ಇನ್ನೊಂದು ಅಕ್ಷರ. ಹಳೇ ಕಂದು-ಹಸಿರು ಕಾಲದಲ್ಲಿ ಈ ಅಕ್ಷರಗಳು ಮೀಡಿಯಂ ಸೀ ಗ್ರೇ. ಹೊಸ ಬೂದಿ ಬಣ್ಣ ಬಂದಾಗ ಅಕ್ಷರಗಳು ಸ್ಕೈ ಆದವು. ಅಂದ್ರೆ ಒಂದೇ ಫೋಟೋದಲ್ಲಿ ಅಕ್ಷರ ಮತ್ತು ಬಾಲದ ಪಟ್ಟಿ ಒಂದೇ ಮಟ್ಟದ ಬಿಳುಪಾಗಿದ್ರೆ ಹೊಸ ಬಣ್ಣ. ಅಕ್ಷರ ಪಟ್ಟಿಗಿಂತ ಮಂಕಾಗಿದ್ರೆ ಹಳೇದು. ಜೊತೆಗೆ ರೆಕ್ಕೆಯಂಚಿನಲ್ಲಿ ಹಳದಿ ಪಟ್ಟಿ ಇದೆಯಾ ನೋಡಿ. ಎರಡೂ ಹೊಂದಿದ್ರೆ ಕೇಸು ಹೆಚ್ಚುಕಡಿಮೆ ಮುಗೀತು. ನನಗೆ ಈ ಹವ್ಯಾಸದಲ್ಲಿ ತುಂಬಾ ಇಷ್ಟವಾದ ಕ್ಷಣಗಳು ಇಂಥವೇ: ನೋಡಬೇಕಾದ್ದನ್ನ ನೋಡದೆ, ಪಕ್ಕದ್ದನ್ನ ನೋಡಿ ಉತ್ತರ ಸಿಗೋದು.

ಒಂದು ಎಚ್ಚರಿಕೆ. ಪತ್ರಿಕೆಗೆ ಕೊಟ್ಟ ಫೋಟೋಗಳನ್ನ ಸೆನ್ಸಾರ್‌ನವರು ಗೀಚ್ತಿದ್ರು. ಅಕ್ಷರ, ಸೀರಿಯಲ್ ನಂಬರು ಅಳಿಸಿರ್ತಾರೆ. ನಂಬರುಗಳಲ್ಲೂ ಬೇಕಂತಲೇ ನಡುನಡುವೆ ನೂರಾರು ಖಾಲಿ ಬಿಟ್ಟಿರ್ತಿದ್ರು, ಎಷ್ಟು ವಿಮಾನ ಕಟ್ಟಿದ್ದಾರೆ ಅಂತ ಶತ್ರುವಿಗೆ ಲೆಕ್ಕ ಸಿಗದಿರಲಿ ಅಂತ. ಪ್ರೈಮರಿ ಕೀಯಲ್ಲಿ ಗ್ಯಾಪ್ ನೋಡಿ ರೆಕಾರ್ಡ್ ಡಿಲೀಟ್ ಆಗಿದೆ ಅಂತ ಹುಡುಕಬೇಡಿ. (ನಗು)

ಇನ್ನು ಕಾಗದ. ಲಂಡನ್ನಿನ ಕ್ಯೂನಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಏರ್ 27' ಅನ್ನೋ ಶ್ರೇಣಿಯಲ್ಲಿ ಪ್ರತಿ ಸ್ಕ್ವಾಡ್ರನ್ನಿನ ದಿನಚರಿ ಇದೆ. ಬಹುಪಾಲು ಸ್ಕ್ಯಾನ್ ಆಗಿ ಆನ್‌ಲೈನ್‌ನಲ್ಲಿದೆ. 2020ರ ಲಾಕ್‌ಡೌನ್‌ನಲ್ಲಿ ಉಚಿತ ಮಾಡಿದ್ರು, ನಮ್ಮಂಥೋರಿಗೆ ಅದು ಹಬ್ಬ. ಅದರಲ್ಲಿ ಎರಡು ನಮೂನೆ. ಫಾರಂ 540ರಲ್ಲಿ ದಿನದ ಸಾರಾಂಶ: ಹವಾಮಾನ, ಯಾರು ಬಂದರು, ಯಾರು ಹೋದರು, ಏನಾಯ್ತು. ಫಾರಂ 541ರಲ್ಲಿ ಪ್ರತಿ ಹಾರಾಟ: ತಾರೀಖು, ವಿಮಾನದ ಸೀರಿಯಲ್ ನಂಬರು, ಪೈಲಟ್ ಹೆಸರು, ಏರಿದ ಸಮಯ, ಇಳಿದ ಸಮಯ.

ಇಲ್ಲಿ ಒಂದು ತೊಡಕಿದೆ. ಫಾರಂ 541 ಸಾಮಾನ್ಯವಾಗಿ ಸೀರಿಯಲ್ ನಂಬರು ಕೊಡುತ್ತೆ, ಅಕ್ಷರ ಕೊಡಲ್ಲ. ಪೈಲಟ್‌ಗಳ ಸ್ವಂತ ಲಾಗ್‌ಬುಕ್ಕಿನಲ್ಲಿ ಎಷ್ಟೋ ಸಲ ಬರೀ ಅಕ್ಷರ ಇರುತ್ತೆ, ನಂಬರು ಇರಲ್ಲ. ಫೋಟೋದಲ್ಲಿ ಅಕ್ಷರ ದೊಡ್ಡದಾಗಿ ಕಾಣುತ್ತೆ, ನಂಬರು ಸೆನ್ಸಾರ್ ಕೈಲಿ ಹೋಗಿರುತ್ತೆ. ಅಂದ್ರೆ ಎರಡು ಟೇಬಲ್ ಇದೆ, ನಡುವೆ ಜಾಯಿನ್ ಮಾಡೋ ಕಾಲಂ ಇಲ್ಲ. ಒಂದೇ ದಾರಿ: ಒಬ್ಬ ಪೈಲಟ್, ಒಂದು ತಾರೀಖು, ಏರಿದ ಸಮಯ, ಇವನ್ನ ಎರಡೂ ಕಡೆ ಹೊಂದಿಸಿ, ಇಂತಿಂಥ ಅಕ್ಷರ ಇಂತಿಂಥ ನಂಬರು ಅಂತ ತಲುಪೋದು. ಒಂದು ಹೊಂದಾಣಿಕೆ ಸಾಲದು, ಮೂರ್ನಾಲ್ಕು ಬೇಕು, ಯಾಕಂದ್ರೆ ಟೈಪ್ ಮಾಡಿದ ಗುಮಾಸ್ತ ಕೂಡ ನಮ್ಮಂತೆ ಸಂಜೆ ಸುಸ್ತಾಗಿ ಕೂತಿರ್ತಾನೆ, ಎರಡು ಅಂಕಿ ಅದಲುಬದಲಾಗಿರುತ್ತೆ. ಅದನ್ನ ಹಿಡಿಯೋಕೆ ಫಾರಂ 78 ಇದೆ, ಪ್ರತಿ ವಿಮಾನದ ಓಡಾಟದ ಕಾರ್ಡು. ಆ ನಂಬರಿನ ವಿಮಾನ ಆ ದಿನ ಈ ಸ್ಕ್ವಾಡ್ರನ್ನಿನಲ್ಲಿ ಇತ್ತಾ, ಇಲ್ಲಾ ಆಗಲೇ ರಿಪೇರಿಗೆ ಹೋಗಿತ್ತಾ ಅಂತ ಅದು ಹೇಳುತ್ತೆ.

ಈ ಕೆಲಸ ಮಾಡ್ತಾ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಫಾರಂ 541ರ ಸಾಲುಗಳನ್ನ ಎಕ್ಸೆಲ್‌ಗೆ ಹಾಕ್ತಾ ಹೋಗ್ತೀವಿ. ಏರಿದ ಸಮಯ, ಇಳಿದ ಸಮಯ. ಏರಿದ ಸಮಯ, ಇಳಿದ ಸಮಯ. ಒಂದು ಸಾಲಿನಲ್ಲಿ ಇಳಿದ ಸಮಯ ಇರಲ್ಲ. ಡೇಟಾ ಮಿಸ್ಸಿಂಗ್ ಅಲ್ಲ ಅದು. ಆ ಹುಡುಗ ವಾಪಸ್ ಬರಲಿಲ್ಲ. ಎಲ್ಲ ಇಪ್ಪತ್ತು ಚಿಲ್ಲರೆ ವಯಸ್ಸಿನವರು. ಮಾರನೇ ದಿನದಿಂದ ಆ ಹೆಸರು ಪಟ್ಟಿಯಲ್ಲಿ ಬರಲ್ಲ, ಆ ಸೀರಿಯಲ್ ನಂಬರೂ ಬರಲ್ಲ. ಸ್ವಲ್ಪ ದಿನಕ್ಕೆ ಅದೇ ಅಕ್ಷರವನ್ನ ಬೇರೆ ಹೊಸ ವಿಮಾನಕ್ಕೆ ಬರೀತಾರೆ. 'ಒಂದು ವಿಮಾನ, ಒಂದು ದಿನ' ಅಂತ ನಾನು ಯಾಕೆ ಹಠ ಮಾಡ್ತೀನಿ ಅನ್ನೋದಕ್ಕೆ ಇದೂ ಒಂದು ಕಾರಣ. ಒಂದೇ ಅಕ್ಷರದ ಎರಡು ವಿಮಾನಗಳನ್ನ ಕಲಸಿ ಒಂದು ಮಾಡಿದ್ರೆ, ನಾವು ಇಬ್ಬರು ಮನುಷ್ಯರನ್ನ ಕಲಸಿ ಒಂದು ಮಾಡಿದ ಹಾಗೆ.

ಆಕಾರದ ಬಗ್ಗೆ ಬೇಗ ಹೇಳ್ತೀನಿ, ಯಾಕಂದ್ರೆ ಒಳ್ಳೇ ಕಂಪನಿಗಳ ಕಿಟ್‌ನಲ್ಲಿ ಈಗ ಇದು ಬಹುಮಟ್ಟಿಗೆ ಸರಿಯಾಗಿರುತ್ತೆ. ಮಾರ್ಕ್ 5ಬಿಯಲ್ಲಿ ಎರಡು 20 ಮಿಲಿಮೀಟರ್ ಹಿಸ್ಪಾನೊ ಕ್ಯಾನನ್, ನಾಲ್ಕು ಬ್ರೌನಿಂಗ್ ಮೆಷಿನ್ ಗನ್. ಕ್ಯಾನನ್ನಿನ 60 ಗುಂಡಿನ ಡ್ರಮ್ಮು ತೆಳು ರೆಕ್ಕೆಯಲ್ಲಿ ಹಿಡಿಸದೆ ಉಬ್ಬು ಬಂದಿದೆ, ಅದು ಇರಬೇಕು. ಎಡರೆಕ್ಕೆ ಕೆಳಗಿನ ಆಯಿಲ್ ಕೂಲರ್‌ನ ಬಾಯಿ ಗುಂಡಗಿರಬೇಕು. ಮಾರ್ಕ್ 1, 2ರಲ್ಲಿ ಅದು ಅರ್ಧವೃತ್ತ. ಪ್ರೊಪೆಲ್ಲರ್ ಡಿ ಹ್ಯಾವಿಲೆಂಡ್‌ದಾದ್ರೆ ಮೂತಿ ಚೂಪು, ರೋಟಾಲ್‌ದಾದ್ರೆ ಮೊಂಡು. ಎರಡೂ 5ಬಿಯಲ್ಲಿ ಇದ್ದವು, ಹಾಗಾಗಿ ಫೋಟೋ ನೋಡದೆ ಅಂಟಿಸಬೇಡಿ. ಪೈಲಟ್ ಹತ್ತೋ ಬಾಗಿಲು ಎಡಗಡೆ ಮಾತ್ರ, ಹಾಗಾಗಿ ಬೂಟು ಉಜ್ಜಿ ಬಣ್ಣ ಹೋಗೋದು ಎಡರೆಕ್ಕೆಯ ಬುಡದಲ್ಲಿ. ಎರಡೂ ಕಡೆ ಸಮನಾಗಿ ಸವೆಸಿರೋ ಮಾದರಿ ನೋಡಿದ್ರೆ ನನಗೆ ಕೈ ಕಡಿಯುತ್ತೆ.

ರಿವೆಟ್ ಬಗ್ಗೆ ಮಾತ್ರ ಒಂದು ಕಥೆ ಹೇಳಲೇಬೇಕು. ರಿವೆಟ್‌ನ ತಲೆ ಉಬ್ಬಿದ್ರೆ ಗಾಳಿ ತಡೆಯುತ್ತೆ. ಸಮತಟ್ಟಾಗಿ ಕೂರಿಸೋದು ದುಬಾರಿ. ಎಲ್ಲೆಲ್ಲಿ ಉಬ್ಬು ರಿವೆಟ್ ಹಾಕಿದ್ರೆ ನಡೆಯುತ್ತೆ ಅಂತ ನೋಡೋಕೆ ಸ್ಪಿಟ್‌ಫೈರ್ ಎಂಜಿನಿಯರ್‌ಗಳು ಏನು ಮಾಡಿದ್ರು ಗೊತ್ತಾ? ಒಡೆದ ಬಟಾಣಿ ಬೇಳೆ ತಂದು, ಒಂದೊಂದು ರಿವೆಟ್ ಮೇಲೂ ಒಂದೊಂದು ಅಂಟಿಸಿ ಹಾರಿಸಿದ್ರು. ವೇಗ ಗಂಟೆಗೆ 22 ಮೈಲಿ ಕಡಿಮೆ ಆಯ್ತು! ಆಮೇಲೆ ಸಾಲು ಸಾಲಾಗಿ ಬೇಳೆ ಕೆರೆದು ತೆಗೀತಾ, ಯಾವ ಜಾಗದ ಉಬ್ಬಿನಿಂದ ಎಷ್ಟು ವೇಗ ಹೋಗುತ್ತೆ ಅಂತ ಅಳೆದ್ರು. ಎ/ಬಿ ಟೆಸ್ಟಿಂಗ್, ಬೇಳೆಯಲ್ಲಿ. ಅದಕ್ಕೇ ಸ್ಪಿಟ್‌ಫೈರ್‌ನಲ್ಲಿ ಕಾಕ್‌ಪಿಟ್ ಹಿಂದಿನ ಮೈಮೇಲೆ ಉಬ್ಬು ರಿವೆಟ್ ಇದೆ, ರೆಕ್ಕೆ ಮೇಲೆ ಇಲ್ಲ. ರೆಕ್ಕೆಯ ಮುಂಭಾಗವನ್ನಂತೂ ಪುಟ್ಟಿ ತುಂಬಿ ಉಜ್ಜಿ ನುಣುಪು ಮಾಡ್ತಿದ್ರು. ಅಲ್ಲಿ ಆಳವಾದ ಗೆರೆ, ಚುಕ್ಕಿ ಕೊರೆದಿರೋ ಕಿಟ್ ನೋಡೋಕೆ ಚೆಂದ, ಆದ್ರೆ ಅದು ವಿಮಾನ ಅಲ್ಲ.

'ಇಷ್ಟೆಲ್ಲ ಯಾಕೆ, ಉಳಿದಿರೋ ವಿಮಾನವನ್ನೇ ನೋಡಬಹುದಲ್ಲ' ಅಂತ ಕೇಳಬಹುದು. ದೆಹಲಿಯವರಿಗೆ ಹೇಳ್ತೀನಿ ಅಂದಿದ್ದು ಇದೇ: ಪಾಲಂನ ವಾಯುಪಡೆ ಮ್ಯೂಸಿಯಂಗೆ ಹೋಗಿ. ಸ್ಪಿಟ್‌ಫೈರ್ ಇದೆ, ಹರಿಕೇನ್ ಇದೆ, ಟೆಂಪೆಸ್ಟ್ ಇದೆ, ಲೈಸಾಂಡರ್ ಇದೆ. ಆಕಾರಕ್ಕೆ, ಚಕ್ರದ ಗೂಡಿನ ಒಳಗಡೆಗೆ, ರೆಕ್ಕೆ ಮೈಗೆ ಸೇರೋ ತಿರುವಿಗೆ ಅದಕ್ಕಿಂತ ಒಳ್ಳೇ ಗುರು ಇಲ್ಲ. ಆದ್ರೆ ಯಾವುದೇ ಮ್ಯೂಸಿಯಂ ವಿಮಾನದ ಬಣ್ಣ ನಂಬಬೇಡಿ. ಎಂಬತ್ತು ವರ್ಷದಲ್ಲಿ ಎಷ್ಟು ಸಲ ಬಳಿದಿರ್ತಾರೋ. ಇಂಗ್ಲೆಂಡಿನಲ್ಲಿ ಇವತ್ತೂ ಹಾರೋ ಸ್ಪಿಟ್‌ಫೈರ್‌ಗಳದ್ದೂ ಅದೇ ಕಥೆ: ಇವತ್ತಿನ ರೇಡಿಯೋ, ಇವತ್ತಿನ ಬಣ್ಣ, ಕೆಲವು ವರ್ಷಕ್ಕೊಮ್ಮೆ ಬೇರೆ ಸ್ಕ್ವಾಡ್ರನ್ನಿನ ವೇಷ.

ಈಗ ಗಂಡಭೇರುಂಡಕ್ಕೆ ಬರೋಣ. ಎಲ್ಲರೂ ಕಾಯ್ತಿರೋದು ಅದಕ್ಕೇ ಅಂತ ಗೊತ್ತು.

ಈ ಮಾದರಿ ಶುರು ಮಾಡಿದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ: 'ಮೂಗಿನ ಮೇಲೆ ಗಂಡಭೇರುಂಡ ಹಾಕ್ತೀಯಲ್ಲ?' ಆಸೆ ನನಗೂ ಇದೆ. ಡೆಕಾಲ್ ಪ್ರಿಂಟ್ ಮಾಡೋದು ಹತ್ತು ನಿಮಿಷದ ಕೆಲಸ. ಆದ್ರೆ ಸ್ಕ್ವಾಡ್ರನ್ನಿಗೆ ಒಂದು ಲಾಂಛನ ಇತ್ತು ಅನ್ನೋದು ಬೇರೆ, ಅದನ್ನ ಆ ವಿಮಾನದ ಮೇಲೆ ಬರೆದಿದ್ರು ಅನ್ನೋದು ಬೇರೆ. ಲಾಂಛನಕ್ಕೆ ರಾಜನ ಒಪ್ಪಿಗೆ ಬರುತ್ತೆ, ಅದು ಕಚೇರಿ ಗೋಡೆಗೆ, ಕಾಗದಕ್ಕೆ ಹೋಗುತ್ತೆ. ವಿಮಾನದ ಮೇಲೆ ಏನು ಬರೀಬೇಕು ಅನ್ನೋದನ್ನ ನಿರ್ಧರಿಸೋದು ಹ್ಯಾಂಗರ್‌ನಲ್ಲಿ ಕುಂಚ ಹಿಡಿದವನು.

ಹೈದರಾಬಾದ್ ಸ್ಕ್ವಾಡ್ರನ್ನಿನ ಉದಾಹರಣೆ ನೋಡಿ, ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. 152ರ ಅಧಿಕೃತ ಲಾಂಛನ ನಿಜಾಮರ ಶಿರೋವಸ್ತ್ರ, ಆ ಎತ್ತರದ ರುಮಾಲು. ಅದೇ ಸ್ಕ್ವಾಡ್ರನ್ ಬರ್ಮಾ ಯುದ್ಧದಲ್ಲಿ ಸ್ಪಿಟ್‌ಫೈರ್ ಮಾರ್ಕ್ 8 ಹಾರಿಸುವಾಗ ವಿಮಾನದ ಪಕ್ಕಕ್ಕೆ ಬರೆದಿದ್ದು ಏನು? ಚಕ್ರದೊಳಗಿಂದ ನೆಗೆಯೋ ಕಪ್ಪು ಚಿರತೆ! ರುಮಾಲು ಎಲ್ಲಿ, ಚಿರತೆ ಎಲ್ಲಿ. ಅದಕ್ಕೆ ಫೋಟೋ ಇದೆ, ಹಾಗಾಗಿ ಹೈದರಾಬಾದ್‌ನವರು ಧೈರ್ಯವಾಗಿ ಚಿರತೆ ಅಂಟಿಸಬಹುದು. (ಆ ಚಕ್ರದಲ್ಲಿ ಕೆಂಪು ಇರಲ್ಲ, ನೆನಪಿಡಿ. ಜಪಾನಿಯರ ಕೆಂಪು ಸೂರ್ಯ ಅಂತ ತಪ್ಪು ತಿಳಿದು ತಮ್ಮವರೇ ಗುಂಡು ಹೊಡೀಬಾರದು ಅಂತ ನಮ್ಮ ಕಡೆಯ ರಣರಂಗದಲ್ಲಿ ಕೆಂಪನ್ನೇ ತೆಗೆದುಬಿಟ್ಟಿದ್ರು.) ಬರೀ ಲಾಂಛನದ ಪುಸ್ತಕ ನೋಡಿ ಮಾಡಿದ್ರೆ ಬರ್ಮಾದ ಸ್ಪಿಟ್‌ಫೈರ್ ಮೇಲೆ ರುಮಾಲು ಬಂದಿರ್ತಿತ್ತು.

ಹೆಸರು ಬರೆಯೋದರಲ್ಲೂ ಇದೇ ಗೊಂದಲ. ದೇಣಿಗೆ ಕೊಟ್ಟ ಊರಿನ ಹೆಸರನ್ನ ಕಾಕ್‌ಪಿಟ್ ಮುಂದೆ ಹಳದಿ ಅಕ್ಷರದಲ್ಲಿ ಬರೀತಿದ್ರು. ಒಂದು ಸ್ಪಿಟ್‌ಫೈರ್‌ಗೆ 5,000 ಪೌಂಡ್ ಅಂತ ದರ ನಿಗದಿ ಮಾಡಿದ್ರು. ಅದು ಲೆಕ್ಕಕ್ಕೆ ಹಿಡಿದ ದರ, ನಿಜವಾದ ಖರ್ಚು ಅದಕ್ಕಿಂತ ಹೆಚ್ಚು. ಬ್ರಿಟನ್ನಿನಲ್ಲಿ ಆರು ಪೆನ್ಸ್ ಕೊಟ್ಟು ಒಂದು ರಿವೆಟ್ 'ಕೊಳ್ಳೋ' ಹಾಗೂ ಇತ್ತು. ಆದ್ರೆ ವಿಮಾನಗಳು ಒಂದು ಸ್ಕ್ವಾಡ್ರನ್ನಿನಿಂದ ಇನ್ನೊಂದಕ್ಕೆ ಹೋಗ್ತಾನೇ ಇರ್ತಿದ್ವು, ಬರೆದ ಹೆಸರಿನ ಸಮೇತ. ಹಾಗಾಗಿ ನಮ್ಮ ಕಡೆಯ ಊರಿನ ಹೆಸರಿರೋ ವಿಮಾನದ ಫೋಟೋ ಸಿಕ್ಕಿತು ಅಂತ ಅದಕ್ಕೆ ಡಿವಿ ಅಕ್ಷರ ಹಚ್ಚಬಾರದು; ಡಿವಿ ಅಕ್ಷರ ಇದೆ ಅಂತ ಅದರ ಮೂತಿಗೆ 'ಮೈಸೂರು' ಅಂತ ಬರೀಬಾರದು.

ಇದು ಅತಿಯಾಯ್ತು ಅನ್ನಿಸಬಹುದು, ಬೀರು ಮೇಲೆ ಧೂಳು ತಿನ್ನೋ ಪ್ಲಾಸ್ಟಿಕ್‌ಗೆ. ಆದ್ರೆ ಸ್ವಲ್ಪ ಯೋಚನೆ ಮಾಡಿ. ಗಂಡಭೇರುಂಡ ಹಾಕಿದ ಸ್ಪಿಟ್‌ಫೈರ್ ಮಾಡಿ, ಒಳ್ಳೇ ಬೆಳಕಲ್ಲಿ ಫೋಟೋ ತೆಗೆದು, ಒಂದು ಗ್ರೂಪಿಗೆ ಹಾಕ್ತೀನಿ ಅನ್ಕೊಳ್ಳಿ. ನವೆಂಬರ್ 1ಕ್ಕೆ ಅದು ನಿಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗದಲ್ಲಿ ಇರುತ್ತೆ, 'ಹಿಟ್ಲರ್‌ಗೆ ನಡುಕ ಹುಟ್ಟಿಸಿದ ಕನ್ನಡಿಗರ ವಿಮಾನ' ಅಂತ. ಮರು ವರ್ಷ ಯಾರೋ ಅದನ್ನೇ ನೋಡಿ ಚಿತ್ರ ಬರೀತಾರೆ. ಅದರ ಮರು ವರ್ಷ ಯಾವುದೋ ಡೆಕಾಲ್ ಹಾಳೆಯಲ್ಲಿ ಬರುತ್ತೆ. ಆಮೇಲೆ ಯಾರಾದ್ರೂ ನಿಜವಾಗಿ ಹುಡುಕೋಕೆ ಹೊರಟ್ರೆ, ಮೊದಲು ಸಿಗೋದು ನನ್ನ ಕಲ್ಪನೆ. ಗಿಟ್ ಬ್ಲೇಮ್ ಹಾಕಿದ್ರೂ ನನ್ನ ಹೆಸರು ಬರಲ್ಲ. ಮೈಸೂರು ಹೆಸರಿನ ಸ್ಕ್ವಾಡ್ರನ್ ಇತ್ತು, ಅದರ ಲಾಂಛನ ಗಂಡಭೇರುಂಡ ಅನ್ನೋ ನಿಜವಾದ ಸಂಗತಿಯೇ ಇಷ್ಟು ಸೊಗಸಾಗಿರುವಾಗ, ಅದರ ಮೇಲೆ ಸುಳ್ಳು ಯಾಕೆ ಅಂಟಿಸಬೇಕು?

ಹಾಗಾಗಿ ನನ್ನ ಮಾದರಿ ಹೀಗಿದೆ, ಕ್ಯಾಮೆರಾ ಹತ್ತಿರ ಹಿಡೀತೀನಿ. ಮೇಲೆ ಕಡುಹಸಿರು, ಮತ್ತು ಏಳಕ್ಕೆ ಒಂದು ಲೆಕ್ಕದಲ್ಲಿ ನಾನೇ ಬೆರೆಸಿದ ಬೂದಿ. ಸಿರಿಂಜಿನಲ್ಲಿ ಅಳೆದಿದ್ದು, ಕಣ್ಣಂದಾಜಲ್ಲ. ಅದಕ್ಕೆ ಒಂದು ಹನಿ ಬಿಳಿ ಸೇರಿಸಿದ್ದೀನಿ, ಯಾಕಂದ್ರೆ ದೂರದಿಂದ ನೋಡಿದಾಗ ಬಣ್ಣ ತಿಳಿಯಾಗಿ ಕಾಣುತ್ತೆ, ಮಾದರಿ ಅಂದ್ರೆ ದೂರದಿಂದ ನೋಡಿದ ವಿಮಾನವೇ ತಾನೆ. ಅಕ್ಷರ ಮತ್ತು ಬಾಲದ ಪಟ್ಟಿ ಸ್ಕೈ. ರೆಕ್ಕೆಯಂಚು ಹಳದಿ, ಅದರ ಮೇಲೆ ಮೆಷಿನ್ ಗನ್ ಬಾಯಿಗೆ ಅಂಟಿಸಿದ ಬಟ್ಟೆಯ ಚೌಕಗಳು, ಎತ್ತರದಲ್ಲಿ ಗನ್ ಹೆಪ್ಪುಗಟ್ಟದಿರಲಿ ಅಂತ ಹಾಕ್ತಿದ್ದದ್ದು. ಎಡಗಡೆ ಫೋಟೋ ಪ್ರಕಾರ ಇದೆ. ಬಲಗಡೆ ಡಿವಿ ಚಕ್ರದ ಮುಂದೋ ಹಿಂದೋ ಅನ್ನೋದು ಎಡಗಡೆ ನೋಡಿ ಹೇಳೋ ವಿಷಯ ಅಲ್ಲ, ಸ್ಪಿಟ್‌ಫೈರ್‌ಗಳಲ್ಲಿ ಅದು ಸ್ಕ್ವಾಡ್ರನ್ನಿಂದ ಸ್ಕ್ವಾಡ್ರನ್ನಿಗೆ ಬೇರೆ. ಅದಕ್ಕೆ ಅದೇ ಸ್ಕ್ವಾಡ್ರನ್ನಿನ, ಅದೇ ತಿಂಗಳುಗಳ ಬೇರೆ ವಿಮಾನದ ಬಲಗಡೆ ಫೋಟೋ ಹಿಡಿದು ಮಾಡಿದ್ದೀನಿ, ಹಾಗಂತ ತಳದಲ್ಲಿ ಪೆನ್ಸಿಲ್ಲಿನಲ್ಲಿ ಬರೆದೂ ಇಟ್ಟಿದ್ದೀನಿ.

ಗಂಡಭೇರುಂಡ ಮರದ ಸ್ಟ್ಯಾಂಡಿನ ಮೇಲಿದೆ, ಹಿತ್ತಾಳೆ ತಗಡಿನಲ್ಲಿ. ಕಚೇರಿ ಗೋಡೆ ಮೇಲೆ ಇದ್ದ ಹಾಗೆ.

ಸರಿ, ಪ್ರಶ್ನೆಗಳಿದ್ರೆ ಅನ್‌ಮ್ಯೂಟ್ ಮಾಡಿ ಕೇಳಿ. ಚಾಟ್‌ನಲ್ಲಿ ಆಗಲೇ ಯಾರೋ 'ಬೇಳೆ ಯಾವ ಅಂಟಿನಿಂದ ಅಂಟಿಸಿದ್ರು' ಅಂತ ಕೇಳಿದ್ದಾರೆ.